ಆಸ್ಕರ್ ಶ್ಮಿಟ್: 49,737ರಲ್ಲಿ ಏನೇನು ಸೇರಿದೆ? ಎನ್‌ಬಿಎಗೆ ಯಾಕೆ ಹೋಗಲಿಲ್ಲ?

#1 · ಮೂರಂಕದ_ಮಂಡ್ಯ

2025ರ ಮಾರ್ಚ್‌ನಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಲೆಬ್ರಾನ್ ಜೇಮ್ಸ್ ರೆಗ್ಯುಲರ್ ಸೀಸನ್, ಪ್ಲೇಆಫ್ ಎರಡೂ ಸೇರಿ 50,000 ಅಂಕ ದಾಟಿದಾಗಿನಿಂದ ಎಲ್ಲ ಗ್ರೂಪಲ್ಲೂ ಒಂದೇ ಜಗಳ. ಒಬ್ಬರು ಬ್ರೆಜಿಲ್‌ನ ಆಟಗಾರ ಆಸ್ಕರ್ ಶ್ಮಿಟ್ ಹೆಸರು ತೆಗೆದು, ಅವರು ಒಟ್ಟು ಹೊಡೆದ ಅಂಕ 49,737 ಅಂತಾರೆ. ಇನ್ನೊಬ್ಬರು "ಅದೆಲ್ಲ ಗಲ್ಲಿ ಮ್ಯಾಚ್ ಸೇರಿಸಿದ ಲೆಕ್ಕ, ಬಿಡು" ಅಂತಾರೆ. ಎರಡು ಕಡೆಯವರೂ ಅಂಕಿಯನ್ನ ಒಡೆದು ನೋಡಿದ ಹಾಗಿಲ್ಲ.

ಗೊತ್ತಿರೋರು ಹೇಳಿ: ಆ ಮೊತ್ತದಲ್ಲಿ ಯಾವುದನ್ನ ಕಣ್ಣುಮುಚ್ಚಿ ನಂಬಬಹುದು, ಯಾವುದನ್ನ ಎಚ್ಚರದಿಂದ ನೋಡಬೇಕು? ಎನ್‌ಬಿಎ ತಂಡ ನೆಟ್ಸ್ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನ ತಂಡಗಳು ಸರದಿಯಲ್ಲಿ ಆರಿಸೋದು) ಆರಿಸಿದ್ರೂ ಯಾಕೆ ಹೋಗಲಿಲ್ಲ? 1987ರ ಪ್ಯಾನ್ ಅಮೆರಿಕನ್ ಫೈನಲ್ ಬಗ್ಗೆಯೂ ಯಾರಾದ್ರೂ ಬಿಡಿಸಿ ಬರೆದ್ರೆ ಒಳ್ಳೇದು.

#2 · ಅಂಕಿಪಟ್ಟಿ

ಮೊದಲು ಮೊತ್ತ. 49,737 = ಕ್ಲಬ್‌ಗಳಿಗೆ 42,044 + ಬ್ರೆಜಿಲ್ ರಾಷ್ಟ್ರೀಯ ತಂಡಕ್ಕೆ 7,693. ರಾಷ್ಟ್ರೀಯ ತಂಡದ ಪಂದ್ಯಗಳು 326, ಅಂದ್ರೆ ಸರಾಸರಿ 23.6.

ಇದರಲ್ಲಿ ಅತಿ ಗಟ್ಟಿಯಾದದ್ದು ಒಲಿಂಪಿಕ್ಸ್ ಭಾಗ. ಐದು ಒಲಿಂಪಿಕ್ಸ್, 38 ಪಂದ್ಯ, 1,093 ಅಂಕ:

1980 ಮಾಸ್ಕೋ: 7 ಪಂದ್ಯ, 169
1984 ಲಾಸ್ ಏಂಜಲೀಸ್: 7 ಪಂದ್ಯ, 169
1988 ಸೋಲ್: 8 ಪಂದ್ಯ, 338
1992 ಬಾರ್ಸಿಲೋನಾ: 8 ಪಂದ್ಯ, 198
1996 ಅಟ್ಲಾಂಟಾ: 8 ಪಂದ್ಯ, 219

ಎರಡನೇ ಸ್ಥಾನದಲ್ಲಿರೋ ಆಸ್ಟ್ರೇಲಿಯಾದ ಆಂಡ್ರೂ ಗೇಜ್ 789. ಅಂತರ ಎಷ್ಟಿದೆ ನೋಡಿ. ಗೇಜ್ ಕೂಡ ಐದು ಒಲಿಂಪಿಕ್ಸ್ ಆಡಿದವರೇ.

ಎರಡನೆಯದು ವಿಶ್ವ ಚಾಂಪಿಯನ್‌ಶಿಪ್: 1978, 1982, 1986, 1990 ಸೇರಿ 800ಕ್ಕೂ ಹೆಚ್ಚು. ಮೂರನೆಯದು ಇಟಲಿ: 11 ಸೀಸನ್, 403 ಪಂದ್ಯ, 13,957. ಸರಾಸರಿ 34.6 ಬರುತ್ತೆ. ಇಟಲಿಯ ಲೀಗ್ ಲೆಕ್ಕ ಅಚ್ಚುಕಟ್ಟಾಗಿದೆ. ಅಲ್ಲಿ ಆಮೇಲೆ ಆಂತೊನೆಲ್ಲೊ ರಿವಾ 14,397ಕ್ಕೆ ಹೋದರು, ಆದರೆ ಅದಕ್ಕೆ ರಿವಾ ಎರಡು ದಶಕ ದಾಟಿ ಆಡಬೇಕಾಯ್ತು.

ಎಚ್ಚರದಿಂದ ನೋಡಬೇಕಾದ್ದು ಬ್ರೆಜಿಲ್‌ನ ಕ್ಲಬ್ ಅಂಕಗಳು. ಅಲ್ಲಿ ವರ್ಷದಲ್ಲಿ ಎರಡು ಹಂತ: ಮೊದಲು ರಾಜ್ಯ ಚಾಂಪಿಯನ್‌ಶಿಪ್ (ಸಾವೊ ಪಾವ್ಲೊದ್ದೋ, ರಿಯೊದ್ದೋ), ಆಮೇಲೆ ರಾಷ್ಟ್ರೀಯ ಟೂರ್ನಿ. ಎದುರಾಳಿಗಳ ಮಟ್ಟ ಎರಡರಲ್ಲೂ ಒಂದೇ ಅಲ್ಲ. ಜತೆಗೆ ಬ್ರೆಜಿಲ್, ಇಟಲಿ, ಸ್ಪೇನ್ ಮೂರನ್ನೂ ಒಟ್ಟುಗೂಡಿಸಿ ಮುದ್ರೆ ಒತ್ತುವ ಒಂದು ಸಂಸ್ಥೆ ಅಂತ ಇಲ್ಲ. ಹಾಗಾಗಿ 49,737 ಅನಧಿಕೃತ ಮೊತ್ತ. ಅನಧಿಕೃತ ಅಂದ ಮಾತ್ರಕ್ಕೆ ಸುಳ್ಳು ಅಲ್ಲ, ಇದನ್ನ ಎರಡು ಕಡೆಯವರೂ ತಲೆಗೆ ಹಾಕ್ಕೋಬೇಕು.

ಹೋಲಿಕೆಯಲ್ಲಿ ಜನ ಎಡವೋದು ಎಲ್ಲಿ ಅಂದ್ರೆ, 49,737ನ್ನ ಎನ್‌ಬಿಎಯ ಕರೀಮ್ ಅಬ್ದುಲ್ ಜಬ್ಬಾರ್ ಅವರ 38,387ರ ಪಕ್ಕ ಇಡ್ತಾರೆ. 38,387 ಬರೀ ರೆಗ್ಯುಲರ್ ಸೀಸನ್. ಪ್ಲೇಆಫ್‌ನ 5,762 ಸೇರಿಸಿದ್ರೆ 44,149. ಆಸ್ಕರ್ ಕಡೆ ಕಪ್, ರಾಜ್ಯ ಲೀಗ್, ರಾಷ್ಟ್ರೀಯ ತಂಡ ಎಲ್ಲ ಸೇರಿಸಿ, ಇತ್ತ ಬರೀ ಒಂದು ಪಟ್ಟಿ ಹಿಡಿಯೋದು ನ್ಯಾಯವಲ್ಲ.

#3 · ಕೋರ್ಟ್‌ಬದಿ

@ಅಂಕಿಪಟ್ಟಿ ಸರ್, ನಿಮ್ಮ ಪಟ್ಟಿಯಲ್ಲೇ ಒಂದು ಸ್ವಾರಸ್ಯ ಇದೆ. 169 + 169 = 338. ಮೊದಲ ಎರಡು ಒಲಿಂಪಿಕ್ಸ್‌ನ 14 ಪಂದ್ಯದಲ್ಲಿ ಹೊಡೆದಷ್ಟನ್ನ ಸೋಲ್‌ನ 8 ಪಂದ್ಯದಲ್ಲೇ ಹೊಡೆದರು!

ಕಾರಣ ಬರೀ ಫಾರ್ಮ್ ಅಲ್ಲ. 1980, 1984ರಲ್ಲಿ ಒಲಿಂಪಿಕ್ಸ್‌ನಲ್ಲಿ ಥ್ರೀ ಪಾಯಿಂಟ್ ಗೆರೆಯೇ ಇರಲಿಲ್ಲ. ಎಷ್ಟು ದೂರದಿಂದ ಹಾಕಿದ್ರೂ ಎರಡೇ ಅಂಕ. ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) 1984ರಲ್ಲಿ 6.25 ಮೀಟರ್ ಗೆರೆ ತಂತು, ಒಲಿಂಪಿಕ್ಸ್‌ನಲ್ಲಿ ಅದು ಕಾಣಿಸಿದ್ದು 1988ರಲ್ಲಿ. ಗೆರೆ ಇಲ್ಲದ 14 ಪಂದ್ಯದಲ್ಲಿ ಸರಾಸರಿ 24.1, ಗೆರೆ ಬಂದ ಮೇಲಿನ 24 ಪಂದ್ಯದಲ್ಲಿ 755 ಅಂಕ, ಸರಾಸರಿ 31.5. ಸೋಲ್ ಒಂದನ್ನ ಪಕ್ಕಕ್ಕಿಟ್ರೂ ಉಳಿದ 16 ಪಂದ್ಯಕ್ಕೆ 26. ಅದೂ 34, 38ನೇ ವಯಸ್ಸಲ್ಲಿ (ಹುಟ್ಟಿದ್ದು 16 ಫೆಬ್ರವರಿ 1958, ನತಾಲ್‌ನಲ್ಲಿ).

ಸೋಲ್‌ನಲ್ಲಿ ಸ್ಪೇನ್ ವಿರುದ್ಧ 55 ಅಂಕ, ಅದು ಇವತ್ತಿಗೂ ಒಲಿಂಪಿಕ್ಸ್ ಪುರುಷರ ಪಂದ್ಯವೊಂದರ ದಾಖಲೆ. ಬ್ರೆಜಿಲ್ ಆ ಪಂದ್ಯ ಸೋತಿತು. ಕ್ವಾರ್ಟರ್ ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟದ ಎದುರು 110-105ರಲ್ಲಿ ಸೋತು ಐದನೇ ಸ್ಥಾನ. ಆ ಸೋವಿಯತ್ ತಂಡವೇ ಚಿನ್ನ ಗೆದ್ದದ್ದು.

ಅಂದ ಹಾಗೆ ನಮ್ಮೋರಿಗೂ ಆಸ್ಕರ್‌ಗೂ ಒಂದು ನಂಟಿದೆ. ಭಾರತದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ ಒಲಿಂಪಿಕ್ಸ್ ಆಡಿದ್ದು ಒಂದೇ ಸಲ, 1980 ಮಾಸ್ಕೋ. ಗುಂಪಿನಲ್ಲಿ ಸೋವಿಯತ್, ಚೆಕೊಸ್ಲೊವಾಕಿಯಾ, ಬ್ರೆಜಿಲ್. ಬ್ರೆಜಿಲ್ 137, ಭಾರತ 64. ಆಸ್ಕರ್‌ಗೆ ಆಗ 22.

#4 · ಧಾರವಾಡ_ಡ್ರಿಬಲ್

ಅಲ್ರೀ, ನನಗೊಂದು ತಿಳೀವಲ್ದು. ಎನ್‌ಬಿಎ ಆಡಿದಾವ ಅಮೆಚೂರ್ (ರೊಕ್ಕಕ್ಕ ಆಡದಾವ) ಅಲ್ಲ, ಒಲಿಂಪಿಕ್ಸ್ ಆಡಂಗಿಲ್ಲ ಅಂತ ಆಗ ನಿಯಮ ಇತ್ತಂತ. ಇಟಲಿಯೊಳಗ ಪಗಾರ ತಗೊಂಡು ಆಡ್ತಿದ್ದ ಮನಶ್ಯಾ ಒಲಿಂಪಿಕ್ಸ್‌ಗೆ ಅಮೆಚೂರ್ ಹೆಂಗ ಆಗ್ತಾನ? ಅಲ್ಲಿ ರೊಕ್ಕ ನಡೀತೈತಿ, ಎನ್‌ಬಿಎ ರೊಕ್ಕ ನಡೆಯಂಗಿಲ್ಲ ಅಂದ್ರ ಏನ್ ಲೆಕ್ಕ ಅದು?

#5 · ನಿಯಮಾವಳಿ

ಧಾರವಾಡದವರೇ, ನೀವು ಕೇಳಿದ್ದರಲ್ಲೇ ಆ ನಿಯಮದ ಹುಳುಕು ಇದೆ. ಆಗಿನ ಫೀಬಾ ಪ್ರಕಾರ ಫೀಬಾ ಸದಸ್ಯ ಸಂಸ್ಥೆಗಳ ಅಡಿಯಲ್ಲಿ ನಡೆಯುವ ಲೀಗ್‌ನಲ್ಲಿ ಆಡುವವನು ಎಷ್ಟೇ ಸಂಬಳ ತಗೊಂಡರೂ ಅರ್ಹ. ಎನ್‌ಬಿಎ ಆ ಚೌಕಟ್ಟಿನ ಹೊರಗಿತ್ತು. ಹಾಗಾಗಿ ಎನ್‌ಬಿಎ ಪಂದ್ಯ ಆಡಿದವನು "ವೃತ್ತಿಪರ", ರಾಷ್ಟ್ರೀಯ ತಂಡದ ಬಾಗಿಲು ಮುಚ್ಚಿತು. ಇಟಲಿ, ಸ್ಪೇನ್, ಯುಗೊಸ್ಲಾವಿಯಾದ ಸಂಬಳದಾರರೆಲ್ಲ ಒಲಿಂಪಿಕ್ಸ್ ಆಡಿದರು, ಅಮೆರಿಕ ಮಾತ್ರ ಕಾಲೇಜು ಹುಡುಗರನ್ನ ಕಳಿಸಬೇಕಾಯ್ತು.

ದಿನಾಂಕಗಳನ್ನ ಸಾಲಾಗಿ ಇಟ್ಟರೆ ಆಸ್ಕರ್ ನಿರ್ಧಾರ ಅರ್ಥವಾಗುತ್ತೆ. 1984 ಜೂನ್‌ನಲ್ಲಿ ನ್ಯೂಜೆರ್ಸಿ ನೆಟ್ಸ್ ಆರನೇ ಸುತ್ತಿನಲ್ಲಿ, 131ನೇ ಆಯ್ಕೆಯಾಗಿ ಹೆಸರು ಕೂಗಿತು. ಒಲಾಜುವಾನ್, ಜೋರ್ಡನ್, ಬಾರ್ಕ್ಲಿ, ಸ್ಟಾಕ್‌ಟನ್ ಬಂದ ಅದೇ ಡ್ರಾಫ್ಟ್. ಆಗ ಡ್ರಾಫ್ಟ್‌ಗೆ ಹತ್ತು ಸುತ್ತು. ಕೆಳಸುತ್ತಿನಲ್ಲಿ ಆಯ್ಕೆಯಾದವನಿಗೆ ತಂಡದಲ್ಲಿ ಜಾಗ ಖಾತ್ರಿ ಇಲ್ಲ, ಶಿಬಿರಕ್ಕೆ ಹೋಗಿ ಗಿಟ್ಟಿಸಿಕೊಳ್ಳಬೇಕು. ಅದೇ ಬೇಸಿಗೆಯಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಇಟಲಿಯ ಕಸೆರ್ತಾ ಕ್ಲಬ್‌ನಲ್ಲಿ ತಂಡದ ಮೊದಲ ಸ್ಕೋರರ್ ಅನ್ನೋ ಜಾಗ, ಸಂಬಳ ಎರಡೂ ಭದ್ರ. ಒಂದು ಕಡೆ ಇದೆಲ್ಲ, ಇನ್ನೊಂದು ಕಡೆ ಬೆಂಚಿನ ಕೊನೆಯ ಕುರ್ಚಿ, ಅದೂ ಬ್ರೆಜಿಲ್ ಅಂಗಿ ಬಿಟ್ಟುಕೊಟ್ಟು. ಇದರಲ್ಲಿ ದೇಶಭಕ್ತಿ ಖಂಡಿತ ಇತ್ತು, ಆದರೆ ಲೆಕ್ಕ ಹಾಕಿದ್ರೂ ಉತ್ತರ ಅದೇ ಬರುತ್ತಿತ್ತು.

ಆ ನಿಯಮ ಬಿದ್ದುಹೋದದ್ದು 1989 ಏಪ್ರಿಲ್‌ನಲ್ಲಿ, ಫೀಬಾದ ಮ್ಯೂನಿಕ್ ಸಭೆಯಲ್ಲಿ, 56-13 ಮತ. ಯುರೋಪಿನ ಪೆಟ್ರೊವಿಚ್, ದಿವಾಟ್ಸ್, ಮಾರ್ಚುಲ್ಯೊನಿಸ್ ಅದೇ ವರ್ಷ ಎನ್‌ಬಿಎಗೆ ಹೋದರು. ಅವರೆಲ್ಲ ಇಪ್ಪತ್ತರ ಹರೆಯದವರು, ಆಸ್ಕರ್‌ಗೆ ಆಗ 31. ಬ್ರೆಜಿಲ್‌ನಿಂದ ಎನ್‌ಬಿಎ ಆಡಿದ ಮೊದಲಿಗ ರೊಲಾಂಡೊ ಫೆರೇರಾ, ಪೋರ್ಟ್‌ಲೆಂಡ್, 1988-89. ನೆನೆ, ಲಿಯಾಂಡ್ರೊ ಬಾರ್ಬೊಸಾ, ವರೆಜಾವೊ, ಸ್ಪ್ಲಿಟರ್ ತಲೆಮಾರು ಬರೋಕೆ 2002ರ ತನಕ ಕಾಯಬೇಕಾಯ್ತು.

#6 · ಮೂರಂಕದ_ಮಂಡ್ಯ

ಹೋಗಿದ್ದಿದ್ರೆ ಆಡ್ತಿದ್ರಾ? ಎನ್‌ಬಿಎ ಗೆರೆ ದೂರ, ಅಲ್ಲಿನ ಡಿಫೆನ್ಸ್ ಬೇರೆ.

#7 · ಕೋಚ್_ಮಲ್ಲೇಶ್ವರ

ಗೆರೆಯ ದೂರ ಎಷ್ಟು ವ್ಯತ್ಯಾಸ ಮಾಡುತ್ತೆ ಅಂತ ಲೆಕ್ಕ ಮಾಡಬಹುದು. ರಿಂಗ್ 3.05 ಮೀ. 2.05 ಮೀ ಎತ್ತರದವನು ತಲೆ ಮೇಲಿಂದ ಬಿಟ್ಟರೆ ಚೆಂಡು ಸುಮಾರು 2.6 ಮೀಟರ್‌ನಲ್ಲಿ ಕೈ ಬಿಡುತ್ತೆ ಅಂತ ಇಟ್ಕೊಳ್ಳಿ. ಅತಿ ಕಡಿಮೆ ಬಲ ಬೇಡುವ ಕೋನದಲ್ಲಿ (ಸುಮಾರು 47 ಡಿಗ್ರಿ) ಹೊಡೆದರೆ, ಗಾಳಿಯ ತಡೆ ಬಿಟ್ಟು, ಬೇಕಾಗುವ ವೇಗ:

6.25 ಮೀ (ಹಳೆಯ ಫೀಬಾ): ಸೆಕೆಂಡಿಗೆ 8.1 ಮೀ
6.75 ಮೀ (2010ರಿಂದ ಫೀಬಾ): 8.4 ಮೀ
7.24 ಮೀ (ಎನ್‌ಬಿಎ, ಎದುರಿಂದ): 8.7 ಮೀ

ಅಂದ್ರೆ ವೇಗ ಶೇ 7ರಷ್ಟು ಜಾಸ್ತಿ, ಶಕ್ತಿ ಲೆಕ್ಕದಲ್ಲಿ ಶೇ 15ರಷ್ಟು. ಆ ಗಾತ್ರದ ಶೂಟರ್‌ಗೆ ಇದು ಗೋಡೆ ಅಲ್ಲ. ಎನ್‌ಬಿಎಯ ಮೂಲೆಯ ಗೆರೆ 6.7 ಮೀಟರ್ ಮಾತ್ರ, ಅದು ಇನ್ನೂ ಹತ್ತಿರ.

ನನ್ನ ಅನುಮಾನ ಡಿಫೆನ್ಸ್ ಕಡೆಗೆ. ಆಗ ಎನ್‌ಬಿಎಯಲ್ಲಿ ಝೋನ್ (ಆಳಿನ ಬದಲು ಜಾಗ ಕಾಯೋ ಡಿಫೆನ್ಸ್) ಕಟ್ಟೋದು ನಿಷಿದ್ಧ, ಪ್ರತಿಯೊಬ್ಬನೂ ತನ್ನ ಆಳನ್ನ ಹಿಡಿಯಬೇಕು. ಯುರೋಪಿನಲ್ಲಿ ಝೋನ್ ಒಳಗೆ ನಿಧಾನ ಕಾಲಿನವನನ್ನ ಬಚ್ಚಿಡಬಹುದಿತ್ತು, ಅಲ್ಲಿ ಆಗುತ್ತಿರಲಿಲ್ಲ. ಬೆಂಚಿನಿಂದ ಬಂದು 20 ನಿಮಿಷ ಶೂಟ್ ಮಾಡೋ ಪಾತ್ರ ಸಿಕ್ಕಿದ್ದರೆ ಚೆನ್ನಾಗಿ ನಡೀತಿತ್ತು. ಪಂದ್ಯಕ್ಕೆ 30 ಅನ್ನೋದೆಲ್ಲ ಅಭಿಮಾನದ ಮಾತು.

#8 · ಇಂಡಿ87

ಪ್ಯಾನ್ ಅಮೆರಿಕನ್ ಕ್ರೀಡಾಕೂಟದ ಫೈನಲ್ ಬಗ್ಗೆ. 23 ಆಗಸ್ಟ್ 1987, ಇಂಡಿಯಾನಾಪೊಲಿಸ್, ಮಾರ್ಕೆಟ್ ಸ್ಕ್ವೇರ್ ಅರೀನಾ. ಅಮೆರಿಕ ತಂಡದಲ್ಲಿ ಡೇವಿಡ್ ರಾಬಿನ್‌ಸನ್, ಡ್ಯಾನಿ ಮ್ಯಾನಿಂಗ್, ಪರ್ವಿಸ್ ಎಲಿಸನ್. ಕೋಚ್ ಡೆನ್ನಿ ಕ್ರಮ್. ಬ್ರೆಜಿಲ್ ಕೋಚ್ ಆರಿ ವಿದಾಲ್. ಹಾಫ್ ಟೈಮ್‌ಗೆ ಅಮೆರಿಕ 68-54. ಮುಗಿದಾಗ ಬ್ರೆಜಿಲ್ 120-115.

ದ್ವಿತೀಯಾರ್ಧ ಒಂದೇ ತಗೊಳ್ಳಿ: ಬ್ರೆಜಿಲ್ 66, ಅಮೆರಿಕ 47. ಆ 66ರಲ್ಲಿ ಆಸ್ಕರ್ 35, ಮಾರ್ಸೆಲ್ ಡಿ ಸೋಜಾ 20. ಇಬ್ಬರೇ 55! ಪಂದ್ಯದ ಒಟ್ಟು ಆಸ್ಕರ್ 46, ಮಾರ್ಸೆಲ್ 31. ಮಾರ್ಸೆಲ್ ಹೆಸರನ್ನ ಜನ ಮರೀತಾರೆ, ಅದು ದೊಡ್ಡ ಅನ್ಯಾಯ. 1978ರ ಮನಿಲಾ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಇಟಲಿ ವಿರುದ್ಧ ಕೊನೇ ಗಳಿಗೆಯಲ್ಲಿ ಅರ್ಧ ಕೋರ್ಟಿನ ಕಡೆಯಿಂದ ಹಾಕಿ 86-85ರಲ್ಲಿ ಕಂಚು ತಂದುಕೊಟ್ಟವರು ಅವರೇ.

ಅಮೆರಿಕದವರ ತಪ್ಪು ಏನು? ಅಲ್ಲಿನ ಕಾಲೇಜು ಬ್ಯಾಸ್ಕೆಟ್‌ಬಾಲ್‌ಗೆ ಥ್ರೀ ಪಾಯಿಂಟ್ ಗೆರೆ ದೇಶದುದ್ದಕ್ಕೂ ಬಂದದ್ದು 1986-87ರಲ್ಲಿ. ಅಂದ್ರೆ ಆ ಹುಡುಗರಿಗೆ ಗೆರೆಯ ಜತೆ ಒಂದೇ ಸೀಸನ್ ಅನುಭವ, ಅದೂ 6.02 ಮೀಟರ್ ಗೆರೆ. ಡಿಫೆನ್ಸ್ ಅಂದ್ರೆ ಒಳಗೆ ತುಂಬಿಕೊಂಡು ರಾಬಿನ್‌ಸನ್ ಬ್ಲಾಕ್ ಮಾಡಲಿ ಅನ್ನೋ ಅಭ್ಯಾಸ. ಏಳು ಮೀಟರ್ ದೂರದಿಂದ 2.05 ಮೀ ಆಳು ಸ್ಕ್ರೀನ್ (ಡಿಫೆಂಡರ್‌ಗೆ ಅಡ್ಡ ನಿಂತ ಜತೆಗಾರ) ಹಿಂದಿಂದ ಬಂದು ಹಿಡಿದ ತಕ್ಷಣ ಬಿಟ್ಟರೆ ಬ್ಲಾಕರ್ ಅಷ್ಟು ದೂರ ಬರೋಕಾಗಲ್ಲ, ಹತ್ತಿರವಿರೋ ಗಾರ್ಡ್‌ನ ಕೈ ಎಟುಕಲ್ಲ. ಇನ್ನೊಂದು ಅಂಕಗಣಿತ: 14 ಅಂಕ ಹಿಂದಿದ್ದಾಗ ಎರಡೆರಡೇ ಹಾಕ್ತಾ ಹೋದ್ರೆ ಏಳು ಬಾಸ್ಕೆಟ್ ಹೆಚ್ಚಿಗೆ ಬೇಕು. ಮೂರಾದ್ರೆ ಐದು ಸಾಕು.

ತವರಿನಲ್ಲಿ ಅಮೆರಿಕದ ಪುರುಷರ ತಂಡಕ್ಕೆ ಅದು ಮೊದಲ ಸೋಲು. ಮರುವರ್ಷ ಸೋಲ್‌ನಲ್ಲಿ ಸೋವಿಯತ್ ಎದುರು 82-76 ಸೋಲು, ಕಂಚು. 1992ರಲ್ಲಿ ಎನ್‌ಬಿಎ ತಾರೆಗಳ ಡ್ರೀಮ್ ಟೀಮ್ ಬಂತು; ಬಾರ್ಸಿಲೋನಾದಲ್ಲಿ ಬ್ರೆಜಿಲ್‌ಗೆ 127-83 ಬಾರಿಸಿತು. ಆಸ್ಕರ್ ಅದರಲ್ಲಿ 24.

#9 · ಬಿಸಿಲುಕುದುರೆ

ಎಲ್ಲ ಸರಿ ಗುರು, ಆದ್ರೆ ಒಂದು ಮಾತು. ಆಸ್ಕರ್ ಕಸೆರ್ತಾದಲ್ಲಿ ಎಂಟು ವರ್ಷ ಆಡಿ ಇಟಲಿ ಲೀಗ್ ಗೆಲ್ಲಲಿಲ್ಲ. ಅವನು ಬಿಟ್ಟು ಹೋದ ಮರುವರ್ಷ, 1991ರಲ್ಲಿ ತಂಡ ಚಾಂಪಿಯನ್. ಇದಕ್ಕೇನಂತೀರಿ? ಸ್ಕೋರ್ ಹೊಡೆಯೋದು ಬೇರೆ, ಗೆಲ್ಲಿಸೋದು ಬೇರೆ.

#10 · ಪಲಾಮಾಜೊ

ಈ ಮಾತು ಇಟಲಿಯಲ್ಲೂ ತುಂಬ ಹಳೆಯದು, ಬಿಸಿಲುಕುದುರೆಯವರೇ. ಅರ್ಧ ನಿಜ. ಪೂರ್ತಿ ನೋಡೋಣ.

1979ರಲ್ಲಿ ಸಾವೊ ಪಾವ್ಲೊದ ಸೀರಿಯೊ ತಂಡ ಇಂಟರ್‌ಕಾಂಟಿನೆಂಟಲ್ ಕಪ್‌ನಲ್ಲಿ ಯುರೋಪಿನ ಚಾಂಪಿಯನ್ ಬೊಸ್ನಾವನ್ನ ಹೆಚ್ಚುವರಿ ಅವಧಿಯಲ್ಲಿ 100-98ರಿಂದ ಸೋಲಿಸಿತು. ಆಸ್ಕರ್ 42. ಬೊಸ್ನಾದ ಕೋಚ್ ಬೊಗ್ದಾನ್ ತಾನ್ಯೆವಿಚ್. ಅದೇ ತಾನ್ಯೆವಿಚ್ 1982ರಲ್ಲಿ ಕಸೆರ್ತಾಗೆ ಬಂದಾಗ ಆಸ್ಕರ್‌ನ ಕರೆಸಿಕೊಂಡರು. ತಂಡ ಆಗ ಎರಡನೇ ದರ್ಜೆಯಲ್ಲಿತ್ತು, 1983ರಲ್ಲಿ ಮೇಲಕ್ಕೆ ಬಂತು. 1986, 1987 ಎರಡು ವರ್ಷವೂ ಲೀಗ್ ಫೈನಲ್‌ನಲ್ಲಿ ಮಿಲಾನೊ ಎದುರು ಸೋಲು. 1988ರಲ್ಲಿ ಇಟಲಿ ಕಪ್ ಗೆಲುವು. 1989ರ ಕಪ್ ವಿನ್ನರ್ಸ್ ಕಪ್ ಫೈನಲ್, ಅಥೆನ್ಸ್: ರಿಯಲ್ ಮ್ಯಾಡ್ರಿಡ್ 117, ಕಸೆರ್ತಾ 113, ಹೆಚ್ಚುವರಿ ಅವಧಿ. ಆಸ್ಕರ್ 44 ಹೊಡೆದರು, ಎದುರಿದ್ದ ದ್ರಾಜೆನ್ ಪೆಟ್ರೊವಿಚ್ 62. ಎರಡನೇ ದರ್ಜೆಯ ತಂಡವೊಂದು ಏಳು ವರ್ಷದಲ್ಲಿ ಇಲ್ಲಿಗೆ ಬಂದದ್ದನ್ನ "ಗೆಲ್ಲಿಸಲಿಲ್ಲ" ಅಂತ ಒಂದೇ ಮಾತಲ್ಲಿ ಮುಗಿಸೋಕಾಗಲ್ಲ.

ಇನ್ನು 1991. ಇಟಲಿಯಲ್ಲಿ ಆಗ ತಂಡಕ್ಕೆ ಇಬ್ಬರೇ ವಿದೇಶಿಯರು. ಒಂದು ಜಾಗ ಆಸ್ಕರ್‌ಗೆ ಹೋದರೆ ಒಳಗಿನ ಎತ್ತರಕ್ಕೆ ಉಳಿಯೋದು ಒಂದೇ. ಅವರು 1990ರಲ್ಲಿ ಪಾವಿಯಾಗೆ ಹೋದ ಮೇಲೆ ಕ್ಲಬ್ ಎರಡೂ ಜಾಗಕ್ಕೆ ದೊಡ್ಡ ಆಳುಗಳನ್ನ ತಂತು: ಚಾರ್ಲ್ಸ್ ಶಾಕಲ್‌ಫೋರ್ಡ್, ಟೆಲ್ಲಿಸ್ ಫ್ರಾಂಕ್. ರಿಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯೋದು) ಭದ್ರವಾಯ್ತು. ಹೊರಗಿನ ಶಾಟ್‌ಗಳು ಊರ ಹುಡುಗರಾದ ನಾಂದೊ ಜೆಂಟಿಲೆ, ವಿಂಚೆಂಜೊ ಎಸ್ಪೊಸಿತೊ ಪಾಲಿಗೆ ಬಂದವು. ಅವರಿಬ್ಬರೂ ಅಷ್ಟು ವರ್ಷ ಆಸ್ಕರ್ ಪಕ್ಕದಲ್ಲೇ ಬೆಳೆದು ಆ ಹೊತ್ತಿಗೆ ಪಳಗಿದ್ದರು. ಕೋಚ್ ಫ್ರಾಂಕೊ ಮಾರ್ಚೆಲ್ಲೆತ್ತಿ. ಫೈನಲ್ ಮತ್ತೆ ಮಿಲಾನೊ ಎದುರೇ, 3-2. ದಕ್ಷಿಣ ಇಟಲಿಗೆ ಅದು ಮೊದಲ ಪ್ರಶಸ್ತಿ.

ಆಸ್ಕರ್ ಇದ್ದಾಗ ಆಟದ ತೂಕವೆಲ್ಲ ಒಂದೇ ಕೈ ಮೇಲೆ ಬೀಳ್ತಿತ್ತು ಅನ್ನೋದು ನಿಜ. ಹಲವು ಪಂದ್ಯದ ಸರಣಿಯಲ್ಲಿ ಎದುರಾಳಿ ಕೋಚ್‌ಗೆ ಅದನ್ನ ಓದೋಕೆ ಸಮಯ ಸಿಗುತ್ತೆ. ಒಂದೇ ಪಂದ್ಯದ ಫೈನಲ್‌ನಲ್ಲಿ ಸಿಗಲ್ಲ. ಇಂಡಿಯಾನಾಪೊಲಿಸ್‌ನಲ್ಲಿ ಗೆದ್ದದ್ದು, ಮಿಲಾನೊ ಎದುರು ಸೋತದ್ದು ಎರಡಕ್ಕೂ ಕಾರಣ ಒಂದೇ.

#11 · ಬಿಸಿಲುಕುದುರೆ

ಇಬ್ಬರೇ ವಿದೇಶಿಯರ ವಿಷಯ ಸರಿ. ಆದ್ರೂ ಮೂರು ಒಲಿಂಪಿಕ್ಸ್‌ನಲ್ಲಿ ಅತಿ ಹೆಚ್ಚು ಸ್ಕೋರ್ ಹೊಡೆದವನ ತಂಡಕ್ಕೆ ಒಂದು ಪದಕವೂ ಇಲ್ಲ. 5, 9, 5, 5, 6 ಅಂತ ಸ್ಥಾನಗಳು. ಅದನ್ನ ಯಾವ ಕೋಟಾನೂ ವಿವರಿಸಲ್ಲ.

#12 · ಅಂಕಿಪಟ್ಟಿ

ಸೋಲ್ ಒಲಿಂಪಿಕ್ಸ್‌ನಲ್ಲಿ ಸ್ಪೇನ್ ಎದುರು 110 ಹೊಡೆದು 118, ಸೋವಿಯತ್ ಎದುರು 105 ಹೊಡೆದು 110 ಬಿಟ್ಟುಕೊಟ್ಟ ತಂಡ ಅದು. ಡಿಫೆನ್ಸ್ ಇರಲಿಲ್ಲ, ಅದನ್ನ ಒಪ್ಪಲೇಬೇಕು. ಒಬ್ಬನದ್ದಲ್ಲ, ತಂಡದ್ದೇ.

#13 · ಹೊಸಪೇಟೆ_ಹೂಪ್ಸ್

ವಿಷಯ ಸ್ವಲ್ಪ ಪಕ್ಕಕ್ಕೆ. ಕೋಚ್ ಸರ್, ಈ ಥರದ ಶಾಟ್ ಹುಡುಗರಿಗೆ ಕಲಿಸೋದು ಹೇಗೆ? ನಮ್ಮ ಕಡೆ 14-15 ವರ್ಷದವರು ನೇರ 6.75ಕ್ಕೆ ಹೋಗಿ ನಿಲ್ತಾರೆ. ಶಾಟ್ ಚಪ್ಪಟೆಯಾಗಿ ಹೋಗಿ ಮುಂದಿನ ರಿಮ್‌ಗೆ ಬಡಿಯುತ್ತೆ.

#14 · ಕೋಚ್_ಮಲ್ಲೇಶ್ವರ

ಚಪ್ಪಟೆ ಶಾಟ್ ಯಾಕೆ ಬೀಳಲ್ಲ ಅನ್ನೋದು ಮೊದಲು. ರಿಂಗ್ ಒಳವ್ಯಾಸ 45 ಸೆಂ.ಮೀ, 7ನೇ ಸೈಜಿನ ಚೆಂಡು ಸುಮಾರು 24. ಚೆಂಡು ಓರೆಯಾಗಿ ಬಂದರೆ ಅದಕ್ಕೆ ಕಾಣುವ ಬಾಯಿ ಕಿರಿದಾಗುತ್ತೆ. 45 ಡಿಗ್ರಿಯಲ್ಲಿ ಇಳಿದರೆ ಸುಮಾರು 32 ಸೆಂ.ಮೀ ಜಾಗ. 35ರಲ್ಲಿ 26 ಮಾತ್ರ, ಅಂದ್ರೆ ಎರಡೂ ಬದಿ ಸೇರಿ ಎರಡೇ ಸೆಂ.ಮೀ ಸಡಿಲ. 30ಕ್ಕೆ ಇಳಿದರೆ 22.5, ರಿಮ್ ತಾಗದೆ ಒಳಗೆ ಹೋಗೋದು ಅಸಾಧ್ಯ.

ನಿಮ್ಮ ಹುಡುಗರು 1.65-1.70 ಎತ್ತರ ಇದ್ದರೆ ಚೆಂಡು 2 ಮೀಟರ್‌ನಲ್ಲಿ ಕೈ ಬಿಡುತ್ತೆ. 6.75ರಿಂದ ಅವರಿಗೆ ಬೇಕಾದ ವೇಗ ಸೆಕೆಂಡಿಗೆ 8.8 ಮೀ, ಆಸ್ಕರ್‌ನಂಥವನಿಗೆ 8.4. ಬಲ ಸಾಲದಾಗ ದೇಹ ಸೊಂಟದ ಹತ್ತಿರದಿಂದ ಚೆಂಡನ್ನ ಎಸೆಯೋಕೆ ಶುರು ಮಾಡುತ್ತೆ, ಮೊಣಕೈ ಹೊರಗೆ ಹೋಗುತ್ತೆ, ಕೋನ ಬೀಳುತ್ತೆ. ಅಭ್ಯಾಸ ಜಾಸ್ತಿ ಮಾಡಿದಷ್ಟೂ ಆ ತಪ್ಪೇ ಗಟ್ಟಿಯಾಗುತ್ತೆ.

ಮಾಡಬೇಕಾದ್ದು: ರಿಂಗ್‌ನಿಂದ ಒಂದೂವರೆ ಮೀಟರ್‌ನಲ್ಲಿ ಒಂದೇ ಕೈಯಲ್ಲಿ ಶುರು. ಐದು ಜಾಗ (ಎರಡು ಮೂಲೆ ದಿಕ್ಕು, ಎರಡು 45 ಡಿಗ್ರಿ, ಎದುರು), ಒಂದೊಂದರಲ್ಲೂ ಬಿದ್ದ ಶಾಟ್ 10 ಆಗುವವರೆಗೆ. ಹೊಡೆದದ್ದನ್ನ ಎಣಿಸಬೇಡಿ, ಬಿದ್ದದ್ದನ್ನ ಎಣಿಸಿ. ಹತ್ತಕ್ಕೆ ಏಳು ಬೀಳುವ ತನಕ ಹಿಂದಕ್ಕೆ ಹೋಗಬಾರದು, ಆಮೇಲೆ ಒಂದು ಹೆಜ್ಜೆ ಮಾತ್ರ ಹಿಂದೆ. ಹಿಂದೆ ಹೋದಾಗ ಮೊಣಕೈ ಕಣ್ಣಿಗಿಂತ ಕೆಳಗೆ ಮುಗಿಯುತ್ತಿದ್ದರೆ ಕೂಡಲೇ ಮುಂದಕ್ಕೆ ಕರೆಸಿ. ಬಲ ಬರಬೇಕಾದ್ದು ಮಂಡಿಯಿಂದ: ಪಾಸ್ ಕೈಗೆ ಬೀಳುವ ಮೊದಲೇ ಮಂಡಿ ಬಗ್ಗಿರಬೇಕು. ಹಿಡಿದ ಮೇಲೆ ಬಗ್ಗಿದರೆ ಅರ್ಧ ಸೆಕೆಂಡ್ ಹೋಯ್ತು, ಡಿಫೆಂಡರ್ ಬಂದಾಯ್ತು. ಆಸ್ಕರ್‌ನ ಹಳೆಯ ವಿಡಿಯೊದಲ್ಲಿ ಕೈ ನೋಡೋದು ಬಿಟ್ಟು ಕಾಲು ನೋಡೋಕೆ ಹುಡುಗರಿಗೆ ಹೇಳಿ. ಸ್ಕ್ರೀನ್ ಸುತ್ತಿ ಬರುವಾಗಲೇ ಕಾಲು ರಿಂಗ್ ಕಡೆ ತಿರುಗಿರುತ್ತೆ.

14 ವರ್ಷಕ್ಕೆ 6.75 ಬೇಡ. 5.5 ಮೀಟರ್‌ನಲ್ಲಿ ಸುಣ್ಣದ ಗೆರೆ ಎಳೆದು ಅದನ್ನೇ ಮೂರಂಕ ಅಂತ ಆಡಿಸಿ.

#15 · ಧಾರವಾಡ_ಡ್ರಿಬಲ್

ಭಾರಿ ಉಪಯೋಗ ಆತ್ರಿ ಸರ್. ಇನ್ನೊಂದು: ಇಟಲಿಯ 34.6ನ್ನ ಎನ್‌ಬಿಎ ಸರಾಸರಿ ಜೋಡಿ ಹೋಲಿಸೂದು ಹೆಂಗ? ಅಲ್ಲಿ 48 ನಿಮಿಷ, ಇಲ್ಲಿ 40. 1.2ರಿಂದ ಗುಣಿಸಿಬಿಟ್ರ ಆತೇನು?

#16 · ಅಂಕಿಪಟ್ಟಿ

ಹಾಗೆ ಗುಣಿಸಿದರೆ 41.5 ಬರುತ್ತೆ, ಅದನ್ನ ನಂಬಬೇಡಿ. ಎನ್‌ಬಿಎ ಪಂದ್ಯ 48 ನಿಮಿಷದ್ದಾದ್ರೂ ದೊಡ್ಡ ಆಟಗಾರರೂ ಅಷ್ಟೂ ಹೊತ್ತು ಆಡಲ್ಲ. ಆಸ್ಕರ್ ಮಾತ್ರ 40ರಲ್ಲಿ ಹೆಚ್ಚುಕಮ್ಮಿ ಪೂರ್ತಿ ಕೋರ್ಟಿನಲ್ಲೇ ಇರ್ತಿದ್ದವರು. ನಿಮಿಷದ ಅಂತರ ಅಲ್ಲೇ ಬಹುಪಾಲು ಕರಗುತ್ತೆ. ಶಾಟ್ ಕ್ಲಾಕ್ (ಚೆಂಡು ಸಿಕ್ಕ ತಂಡ ಶಾಟ್ ಹೊಡೆಯಲೇಬೇಕಾದ ಸಮಯದ ಮಿತಿ) ಇನ್ನೊಂದು ಕಡೆಗೆ ಎಳೆಯುತ್ತೆ: ಫೀಬಾದಲ್ಲಿ 2000ದ ತನಕ 30 ಸೆಕೆಂಡ್, ಎನ್‌ಬಿಎಯಲ್ಲಿ 24. ಅಂದ್ರೆ ಅಷ್ಟೇ ನಿಮಿಷಕ್ಕೆ ಯುರೋಪಿನಲ್ಲಿ ಚೆಂಡು ಕೈಗೆ ಬರುವ ಸರದಿ ಕಡಿಮೆ. ಅದರ ಮೇಲೆ 34.6ರಲ್ಲಿ ಎರಡನೇ ದರ್ಜೆಯ ಪಂದ್ಯಗಳೂ ಸೇರಿವೆ: ಕಸೆರ್ತಾದ ಮೊದಲ ವರ್ಷ, ಆಮೇಲೆ ಪಾವಿಯಾದ ಕೆಲವು. ಹೋಲಿಸಲೇಬೇಕು ಅಂದ್ರೆ ಮೊದಲ ದರ್ಜೆಯ ಸೀಸನ್‌ಗಳನ್ನ ಮಾತ್ರ ಬೇರೆ ತೆಗೆದು, ಅದೇ ವರ್ಷ ಇಟಲಿಯಲ್ಲಿ ಆಡುತ್ತಿದ್ದ ಮಾಜಿ ಎನ್‌ಬಿಎ ಆಟಗಾರರ ಸರಾಸರಿ ಪಕ್ಕದಲ್ಲಿ ಇಡಿ. ಅದೇ ಗೆರೆ, ಅದೇ ಗಡಿಯಾರ, ಅದೇ ರೆಫರಿ. ಅಲ್ಲಿ ಆಸ್ಕರ್ ಏಳು ಸೀಸನ್ ಸ್ಕೋರಿಂಗ್ ಪಟ್ಟಿಯ ಮೇಲಿದ್ದರು.